ಖೈರುನ್ ಆಪಾ ಹುಡುಕಿದ ಹಳದಿ

ಸ್ಯಾಂಡಿಫರ್ಡ್‌ನ ನಮ್ಮ ಡಬ್ಲಿನ್ ಆಫೀಸಿನಲ್ಲಿ ಬಿಸಿಲು ಬಿದ್ದರೆ ಮೀಟಿಂಗ್ ನಿಲ್ಲುತ್ತಿತ್ತು. ನಿಲ್ಲಿಸಿ ಎಂದು ಯಾರೂ ಹೇಳುತ್ತಿರಲಿಲ್ಲ. ಖೈರುನ್ ಆಪಾ ಎದ್ದುಬಿಡುತ್ತಿದ್ದರು, ಅಷ್ಟೇ. ಎದುರಿಗೆ ದೊಡ್ಡ ಗಿರಾಕಿಗಳಿರಲಿ, ತಮ್ಮದೇ ಮಾತು ಅರ್ಧಕ್ಕೆ ನಿಂತಿರಲಿ, ಕಿಟಕಿಯ ಗಾಜು ಒಮ್ಮೆ ಬೆಳಗಿತೆಂದರೆ ಅವರ ಕೈ ತಾನಾಗಿ ಕೊರಳಿಗೆ ಹೋಗುತ್ತಿತ್ತು. ನಾವೆಲ್ಲ ಗುರುತಿನ ಕಾರ್ಡು ನೇತುಹಾಕಿಕೊಳ್ಳುವ ಪಟ್ಟಿಗೆ ಅವರು ಬಣ್ಣದ ಮಾದರಿ ನೋಡುವ ಪ್ಲಾಸ್ಟಿಕ್ ಬಿಲ್ಲೆಗಳ ಒಂದು ಗೊಂಚಲನ್ನೇ ಕಟ್ಟಿಕೊಂಡಿದ್ದರು. ಎಲ್ಲವೂ ಹಳದಿಯೇ. ಬೆಣ್ಣೆಯ ಹಳದಿ, ಹಳೇ ಪೇಪರಿನ ಹಳದಿ, ಚಹಾ ಚೆಲ್ಲಿದ ಬಟ್ಟೆ ಒಗೆದ ಮೇಲೆ ಉಳಿಯುತ್ತದಲ್ಲ, ಆ ಹಳದಿ. ದಡದಡ ಮೆಟ್ಟಿಲಿಳಿದು ಕಾರ್ ಪಾರ್ಕಿಗೆ ಓಡಿ, ಒಂದೊಂದನ್ನೇ ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಐರ್ಲೆಂಡಿನ ಬಿಸಿಲು ಅವಸರದ ನೆಂಟರ ಹಾಗೆ, ಕುರ್ಚಿ ಹಾಕುವಷ್ಟರಲ್ಲಿ ಹೊರಟು ನಿಂತಿರುತ್ತದೆ. ಆಪಾ ತಲೆವಸ್ತ್ರದ ಮೇಲೆ ಮಳೆಹನಿ ಹೊತ್ತು ವಾಪಸ್ ಬಂದು, ಏನೂ ಆಗಿಲ್ಲವೆಂಬಂತೆ ಮಾತು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು.

ನಮ್ಮ ಬಾಸ್ ಡೆಕ್ಲನ್ ಇದಕ್ಕೆ ಒಗ್ಗಿಹೋಗಿದ್ದ. ಗಿರಾಕಿಗಳು ಗಾಬರಿಯಾದರೆ, "ಬಣ್ಣ ನೋಡಲು ಹೋಗಿದ್ದಾರೆ, ಇಟ್ಸ್ ಗ್ರ್ಯಾಂಡ್" ಎಂದು ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳುತ್ತಿದ್ದ. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ 'ಎಲ್ಲ ಸರಿ' ಎಂದಷ್ಟೇ.

ನಮ್ಮದು ಸಣ್ಣ ಕಂಪನಿ. ಈಗ ಎಲ್ಲರ ಬ್ಯಾಗಿನಲ್ಲೂ ಇರುವ, ಎರಡು ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನಗಳಿಗೆ ಹಳೇ ಕಾಲದ ವೇಷ ತೊಡಿಸುವುದು ನಮ್ಮ ಕೆಲಸ. ಒಳಗೆ ಹೊಚ್ಚಹೊಸ ಯಂತ್ರ, ಹೊರಗೆ ನಾವು ಚಿಕ್ಕವರಿದ್ದಾಗಿನ ಟಿವಿ ಗೇಮಿನ ಮುಖ. ಸಾಧನವನ್ನು ಕೂರಿಸಿ ಹಿಡಿಯುವ ದಪ್ಪ ಅಂಚಿನ ಗ್ರಿಪ್ಪು, ಕೆಂಪು ಬಟನ್ನು, ಗೇಮ್ ಕ್ಯಾಸೆಟ್ಟಿನ ಆಕಾರದ ಡಬ್ಬಿ, ಮರದ ಪೆಟ್ಟಿಗೆಯ ಟಿವಿಯಂತೆ ಕಾಣುವ ಸ್ಟ್ಯಾಂಡು. ಕೊಳ್ಳುವವರಲ್ಲಿ ಹೆಚ್ಚಿನವರು ತಲೆಕೂದಲು ನೆರೆಯಲು ಶುರುವಾದವರು. ಮಕ್ಕಳಿಗೆಂದು ಹೇಳಿ ಕೊಳ್ಳುತ್ತಾರೆ, ಮಕ್ಕಳಿಗೆ ಕೊಡುವುದಿಲ್ಲ. ಯಾವುದಕ್ಕೆ ಯಾವ ಬಣ್ಣ, ಎಷ್ಟು ಹೊಳಪು, ಮುಟ್ಟಿದರೆ ನುಣ್ಣಗಿರಬೇಕೋ ತರಿತರಿಯಾಗಿರಬೇಕೋ ಎಂಬುದರಲ್ಲಿ ಆಪಾ ಮಾತೇ ಕೊನೆ. ಆ ಅಧಿಕಾರವನ್ನು ಅವರು ಸಂಕೋಚವಿಲ್ಲದೆ ಚಲಾಯಿಸುತ್ತಿದ್ದರು.

ಡಬ್ಲಿನ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದ ನನ್ನನ್ನು ಇಂಟರ್‌ವ್ಯೂ ಮಾಡಿದ್ದೂ ಅವರೇ. ನನ್ನ ಹೆಸರು, ಊರು ನೋಡಿದ ಕೂಡಲೇ ಇಂಗ್ಲಿಷ್ ಬಿಟ್ಟರು.

"ಬೆಂಗಳೂರಲ್ಲಿ ಎಲ್ಲಿ?"

"ರಾಜಾಜಿನಗರ, ಮ್ಯಾಮ್."

"ಮ್ಯಾಮ್ ಗೀಮ್ ಬೇಡ. ಆಪಾ ಅನ್ನು, ಎಲ್ಲಾರೂ ಹಂಗೇ ಅನ್ನೋದು. ಟಿವಿ ಗೇಮ್ ಆಡಿದೀಯಾ ಚಿಕ್ಕೋಳಿದ್ದಾಗ?"

ನಮ್ಮ ಮನೆಯಲ್ಲಿ ಇರಲಿಲ್ಲ, ಪಕ್ಕದ ಮನೆಯಲ್ಲಿ ಹುಡುಗರು ಆಡುವಾಗ ಹಿಂದೆ ಕೂತು ನೋಡುತ್ತಿದ್ದೆ ಎಂದೆ. ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದೆ.

"ನೋಡ್ತಾ ಕೂತಿದ್ದೋರೇ ನಂಗೆ ಬೇಕು ಸ್ವಾತಿ. ಆಡೋರಿಗೆ ಸ್ಕ್ರೀನ್ ಬಿಟ್ರೆ ಇನ್ನೇನ್ ಕಾಣ್ತೈತೆ? ಹಿಂದೆ ಕೂತೋಳಿಗೆ ವೈರು, ಬಟನ್ನು, ನೆಲದ ಮೇಲಿನ ಚಾಪೆ, ಎಲ್ಲಾ ಕಾಣ್ತೈತೆ."

ಆಪಾ ಸ್ಯಾಂಟ್ರಿಯಲ್ಲಿ, ವಿಮಾನಗಳು ತಲೆ ಸವರಿಕೊಂಡು ಹೋಗುವಂಥ ಅಪಾರ್ಟ್‌ಮೆಂಟಿನಲ್ಲಿ ಇದ್ದರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಸಾನಿಯಾ ಕಾರ್ಕ್‌ನಲ್ಲಿ ಓದುತ್ತಿದ್ದಳು. ಅಮ್ಮನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅಪ್ಪಟ ಐರಿಶ್ ರಾಗದ ಇಂಗ್ಲಿಷಿನಲ್ಲಿ. ಆಡಮ್ಸ್‌ಟೌನಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ ನನ್ನಂಥವರಿಗೆ ಆ ಮನೆಯ ಬಾಗಿಲು ಭಾನುವಾರ ತೆರೆದೇ ಇರುತ್ತಿತ್ತು. ಖಾರ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ. ದಾವಣಗೆರೆಯವರಲ್ಲವೇ, ಮಂಡಕ್ಕಿಯ ವಿಷಯದಲ್ಲಿ ಅವರ ಜಂಬ ಹೇಳತೀರದು. ಇಲ್ಲಿಯ ಏಷ್ಯನ್ ಅಂಗಡಿಯ ಮಂಡಕ್ಕಿಯನ್ನು "ಥರ್ಮೋಕೋಲ್" ಎಂದು ಕರೆಯುತ್ತಿದ್ದರು.

ಆಫೀಸಿನಲ್ಲಿ ಅವರದೊಂದು ಪ್ರಶ್ನೆ ಇತ್ತು. ಹೊಸ ಸ್ಯಾಂಪಲ್ ಯಾರೇ ತಂದಿಡಲಿ, ತಿರುಗಿಸಿ ಮುರುಗಿಸಿ ನೋಡಿ, "ಇದು ಯಾರ ಮನೇಲಿತ್ತು?" ಎನ್ನುತ್ತಿದ್ದರು. ಮೊದಲ ವಾರ ನನಗೂ ಈ ಪ್ರಶ್ನೆ ಬಿತ್ತು. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಚಿತ್ರಗಳನ್ನೆಲ್ಲ ಬೆರೆಸಿ ಒಂದು ಗ್ರಿಪ್ ಮಾಡಿದ್ದೆ. ಬೂದು ಮೈ, ನೇರಳೆ ಬಟನ್ನು, ನೋಡಲು ಲಕ್ಷಣವಾಗಿಯೇ ಇತ್ತು.

"ಯಾರ ಮನೇಲಿತ್ತು ಇದು?"

"ಯಾರ ಮನೇಲೂ ಅಲ್ಲ ಆಪಾ, ರೆಟ್ರೋ ಸ್ಟೈಲು."

"ಅದೇ ನೋಡು. ಇದು ಅಂಗಡೀಲಿತ್ತು. ಅಂಗಡೀಲಿ ಇದ್ದದ್ದು ಯಾರಿಗೂ ನೆನಪಿರಲ್ಲ ಕಣೇ. ಮನೇಲಿ ಇದ್ದದ್ದು ನೆನಪಿರೋದು. ನಿಮ್ ಪಕ್ಕದ ಮನೆಯೋರ ಟಿವಿ ಗೇಮು ಎಲ್ಲಿ ಇಡ್ತಿದ್ರು?"

ಷೋಕೇಸಿನಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದಿಸಿ, ಎಂದೆ. ಆ ಬಟ್ಟೆಯ ಅಂಚು ಹೇಗಿತ್ತು ಎಂದು ಕೇಳಿದರು. ನನಗೇ ಆಶ್ಚರ್ಯವಾಗುವಂತೆ ಅದು ನೆನಪಿತ್ತು. ಆ ಅಂಚಿನ ಹೆಣಿಗೆಯೇ ಮುಂದೆ ನಮ್ಮ ಒಂದು ಪೌಚಿನ ಮೇಲೆ ಬಂತು. ಅದನ್ನು ಕಂಡ ಡಬ್ಲಿನ್‌ನ ಅಜ್ಜಿಯೊಬ್ಬರು ತಮ್ಮ ತಾಯಿ ರೇಡಿಯೋಗೆ ಹೊದಿಸುತ್ತಿದ್ದದ್ದು ಇದೇ ಎಂದು ಬರೆದಾಗ ಆಪಾ ಇಡೀ ದಿನ ಹಾಡು ಗುನುಗುತ್ತ ಓಡಾಡಿದರು.

ಅವರ ಸ್ವಂತ ನೆನಪು ಒಂದೇ ಮನೆಯದು, ಒಂದೇ ಯಂತ್ರದ್ದು. ದಾವಣಗೆರೆಯಲ್ಲಿ ಅವರದು ಮಂಡಕ್ಕಿ ಭಟ್ಟಿ. ಹೊಟ್ಟು ಉರಿಸಿ, ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಒಲೆ ಮುಂದೆ, ಮನೆ ಹಿಂದೆ. ಕುವೈತಿನಲ್ಲಿದ್ದ ಮಾಮು ಒಮ್ಮೆ ರಜಕ್ಕೆ ಬಂದಾಗ ಟಿವಿ ಗೇಮ್ ತಂದುಕೊಟ್ಟಿದ್ದರು. ಅಣ್ಣ ದಸ್ತಗೀರ್ ಆಪಾಗಿಂತ ಹತ್ತು ವರ್ಷ ದೊಡ್ಡವರು. ಭಟ್ಟಿ ನೋಡಿಕೊಳ್ಳುತ್ತಿದ್ದವರು ಅವರೇ. ಒಂದು ಒಲೆ ಅಕ್ಕಿ ಅರಳಿ ಇನ್ನೊಂದಕ್ಕೆ ಮರಳು ಕಾಯುವ ಹೊತ್ತಿನಲ್ಲಿ ಒಳಗೆ ಓಡಿಬಂದು ತಂಗಿಯ ಜೊತೆ ಒಂದು ಆಟ ಆಡಿ ಮತ್ತೆ ಓಡುತ್ತಿದ್ದರು. ಕೈಗೆ ಮಸಿ ಇರುತ್ತಿತ್ತು. ಆ ಯಂತ್ರ, ಆಪಾ ಹೇಳುವ ಪ್ರಕಾರ, ಒಂದು ನಿರ್ದಿಷ್ಟ ಹಳದಿ. ಬಟನ್ನುಗಳ ಸುತ್ತ ಮಾತ್ರ ಆ ಮಸಿಯ ಕಪ್ಪು ಬಳೆ. ಈಗ ಆ ಯಂತ್ರವಿಲ್ಲ. ಯಾವಾಗ ಹೋಯಿತು, ಯಾರು ಗುಜರಿಗೆ ಹಾಕಿದರು ಎಂಬುದೂ ಯಾರಿಗೂ ಗೊತ್ತಿಲ್ಲ. ಆ ಬಣ್ಣವನ್ನು ಒಮ್ಮೆಯಾದರೂ ಮತ್ತೆ ಮಾಡಿ ಕೈಯಲ್ಲಿ ಹಿಡಿಯಬೇಕೆಂಬುದು ಆಪಾ ಆಸೆ. ಆಸೆ ಎಂದರೆ ಸಣ್ಣ ಮಾತಾಯಿತು. ಹಟ.

ಡೆಕ್ಲನ್ ಕೊನೆಗೆ ಒಪ್ಪಿದ. ಕ್ರಿಸ್‌ಮಸ್‌ಗೆ ಬರಲಿರುವ ಹೊಸ ಗ್ರಿಪ್ಪು ಮತ್ತು ಸ್ಟ್ಯಾಂಡನ್ನು ಆಪಾ ಬಣ್ಣದಲ್ಲೇ ಮಾಡೋಣ ಎಂದ. ಆದರೆ ಮೂಲ ಹೇಗಿತ್ತೆಂದು ಎಲ್ಲರೂ ನೋಡಲಿ ಎಂದು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಹಳೇ ಸಾಮಾನು ಕೂಡಿಡುವವರೊಬ್ಬರ ಬಳಿ ಅದೇ ಮಾದರಿಯ ಟಿವಿ ಗೇಮ್ ಹುಡುಕಿ ತರಿಸಿಬಿಟ್ಟ. ಪೆಟ್ಟಿಗೆ ಒಡೆಯದ, ಯಾರ ಕೈಯೂ ಸೋಂಕದ ಪೀಸು. ಕ್ಯಾಂಟೀನಿನ ಮೇಜಿನ ಮೇಲೆ ಎಲ್ಲರೂ ಸುತ್ತ ನಿಂತಾಗ ಬಿಚ್ಚಿದ. ಒಳಗಿದ್ದದ್ದು ಬೆಳ್ಳಗೆ, ತುಸು ಬೂದು. ಹಳದಿಯ ಸುಳಿವೂ ಇರಲಿಲ್ಲ.

ಆಪಾ ಅದನ್ನು ಕೈಗೆತ್ತಿಕೊಂಡರು. ಮುಟ್ಟಿ ನೋಡಿದರು, ತಿರುಗಿಸಿ ಬೆನ್ನು ನೋಡಿದರು. ಆಕಾರ ಅದೇ, ಬಟನ್ನು ಅದೇ. ಇಂಥ ಪ್ಲಾಸ್ಟಿಕ್ಕು ಬಿಸಿಲು, ಶಾಖ, ಹೊಗೆಗೆ ಹಳದಿ ತಿರುಗುತ್ತದೆಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿದ್ದ ವಿಷಯ. ಆಪಾಗೂ ಗೊತ್ತು. ಇನ್ನೊಬ್ಬರ ಯಂತ್ರವಾಗಿದ್ದರೆ ಅವರೇ ಮೊದಲು ಹೇಳುತ್ತಿದ್ದರು. ತಮ್ಮ ಮನೆಯ ಯಂತ್ರಕ್ಕೆ ಮಾತ್ರ ಆ ನಿಯಮ ಅನ್ವಯಿಸಿ ನೋಡಬೇಕೆಂದು ಅವರಿಗೆ ಯಾವತ್ತೂ ಹೊಳೆದಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದರು, ಸ್ಪೀಕರಿನಲ್ಲಿ. ಅಣ್ಣ ತಂಗಿ ತಮ್ಮೊಳಗೆ ಉರ್ದು ಕನ್ನಡ ಕಲಸಿ ಮಾತಾಡುವವರು. ನಾನಿದ್ದೇನೆಂದು ತಿಳಿದ ಮೇಲೆ ದಸ್ತಗೀರ್ ಅಣ್ಣ ಬರೀ ಕನ್ನಡಕ್ಕೆ ಬಂದರು.

"ಬೆಳ್ಳಗೇ ಇತ್ತು ಖೈರೂ. ಮಾಮು ಪೆಟ್ಟಿಗೆ ಬಿಚ್ಚಿದಾಗ ನಾನೇ ಮುಂದೆ ನಿಂತಿದ್ದೆ. ನಿಂಗೆ ಬುದ್ಧಿ ಬರೋ ಹೊತ್ತಿಗೆ ಹೊಗೆ ತಿಂದು ತಿಂದು ಹಳದಿ ಆಗಿತ್ತು."

"ಹಂಗಾದ್ರೆ ನಾನು ನೋಡಿದ್ದು?"

"ನೀನು ನೋಡಿದ್ದೂ ಖರೇನೇ. ನಾನು ಮೊದ್ಲಿಂದು ನೋಡ್ದೆ, ನೀನು ಆಮೇಲಿಂದು ನೋಡ್ದೆ."

 ಫೋನ್ ಇಟ್ಟ ಮೇಲೆ ಆಪಾ ನನಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಸ್ವಾತಿ, ಆ ಮನೆ ಒಡೆದು ಕಟ್ಟಿದ್ದಾಯ್ತು. ಅಮ್ಮಿ ಅಬ್ಬಾ ಇಲ್ಲ. ಆ ಹಳದಿ ನೋಡಿದೋರು ಅಂತ ಈ ದುನಿಯಾದಾಗೆ ಇರೋದು ನಾವಿಬ್ರೇ. ಅವ್ನು ಹೌದು ಅಂದ್ರೆ ಮಾತ್ರ ಅದು ಇತ್ತು ಅಂತ ಅರ್ಥ." ಅಣ್ಣ ನೋಡಿ ಹೂಂ ಎನ್ನುವವರೆಗೆ ಬಣ್ಣವನ್ನು ಫ್ಯಾಕ್ಟರಿಗೆ ಕಳಿಸುವುದಿಲ್ಲ ಎಂದು ಡೆಕ್ಲನ್‌ಗೂ ಖಡಾಖಂಡಿತವಾಗಿ ಹೇಳಿಬಿಟ್ಟರು.

ಆದರೆ ಹೂಂ ಅನ್ನಿಸುವುದು ಹೇಗೆ? ವಿಡಿಯೋ ಕಾಲಿನಲ್ಲಿ ಬಿಲ್ಲೆ ಹಿಡಿದು ತೋರಿಸಿದರೆ ಒಮ್ಮೆ ಕಿತ್ತಳೆ ಕಾಣುತ್ತಿತ್ತು, ಒಮ್ಮೆ ಹಸಿರು. "ಫೋನು ಬಣ್ಣದ ವಿಷ್ಯದಾಗೆ ಮಹಾ ಸುಳ್ಳುಬುರುಕ" ಎಂದು ಆಪಾ ಅದನ್ನು ಕೈಬಿಟ್ಟರು. ಬಿಲ್ಲೆಗಳೇ ದಾವಣಗೆರೆಗೆ ಹೋಗಬೇಕಾಯಿತು. ಊರಿಗೆ ಹೋಗುವವರ ಕೈಯಲ್ಲಿ ಸಾಮಾನು ಕಳಿಸುವುದು ನಮ್ಮವರಿಗೆ ಹೊಸದೇನಲ್ಲ. ಆದರೆ ಸಾಮಾನ್ಯವಾಗಿ ಕಳಿಸುವುದು ಚಾಕಲೇಟು, ಸೆಂಟು. ಆಪಾ ಕಳಿಸುತ್ತಿದ್ದದ್ದು ಹಳದಿ ಪ್ಲಾಸ್ಟಿಕ್ ಬಿಲ್ಲೆ, ಒಂದು ಸಲಕ್ಕೆ ಒಂದೇ. ರಜಕ್ಕೆ ಹೊರಟ ಹುಬ್ಬಳ್ಳಿಯ ಹುಡುಗ, ಮದುವೆಗೆ ಹೊರಟ ಬೆಂಗಳೂರಿನ ದಂಪತಿ, ಅಪ್ಪನ ಆಪರೇಷನ್‌ಗೆಂದು ಓಡಿದ ಕಲಬುರಗಿಯ ವಿದ್ಯಾರ್ಥಿನಿ, ಎಲ್ಲರ ಪರ್ಸಿನಲ್ಲೂ ಒಂದೊಂದು ಬಿಲ್ಲೆ. ದಾವಣಗೆರೆಯಲ್ಲಿ ಇಳಿದು ಭಟ್ಟಿಗೆ ಹೋಗಿ ತೋರಿಸಬೇಕು, ಉತ್ತರ ತರಬೇಕು. ಯಾಕೆ ಎಂದು ಕೇಳಿದವರಿಗೆ ಆಪಾ ವಿವರಿಸಲು ಕೂತರೆ ಬಸ್ಸು ತಪ್ಪುತ್ತಿತ್ತು. ಹಾಗಾಗಿ ಜನ ಕೇಳುವುದನ್ನು ಬಿಟ್ಟು ಸುಮ್ಮನೆ ತೆಗೆದುಕೊಂಡು ಹೋಗುತ್ತಿದ್ದರು. ವಾಪಸ್ ಬರುವಾಗ ದಸ್ತಗೀರ್ ಅಣ್ಣ ಕಟ್ಟಿಕೊಟ್ಟ ಮಂಡಕ್ಕಿ ಚೀಲ ಬರುತ್ತಿತ್ತು. ಜೊತೆಗೆ ಉತ್ತರ. ಪ್ರತಿ ಸಲವೂ "ಇದಲ್ಲ" ಎಂದೇ.

ಇದಲ್ಲ, ಸ್ವಲ್ಪ ಕೆಂಪು ಕಮ್ಮಿ ಆಗಬೇಕು. ಇದಲ್ಲ, ಮಾಸಿದ್ದು ಸಾಲದು. ಇದಲ್ಲ, ಇದು ಬೇರೆಯವರ ಭಟ್ಟಿಯ ಹಳದಿ. ಕೊನೆಯದನ್ನು ಕೇಳಿ ಆಪಾ ಸಿಟ್ಟಿನಿಂದ ಕೆಂಪಾಗಿ, "ಇವ್ನಿಗೆ ಕಣ್ಣೈತೋ ಇಲ್ವೋ" ಎಂದು ಬೈದುಕೊಂಡೇ ಹೊಸ ಬಿಲ್ಲೆಗೆ ಬಣ್ಣ ಬೆರೆಸಲು ಕೂತರು. ಬಿಸಿಲು ಬಂದಾಗಲೆಲ್ಲ ಕಾರ್ ಪಾರ್ಕಿಗೆ ಓಡುವುದು ಇನ್ನೂ ಜಾಸ್ತಿಯಾಯಿತು. ಡೆಕ್ಲನ್ ಮೃದುವಾಗಿಯೇ ದಿನ ಮುಂದೂಡುತ್ತಿದ್ದವನು ಕೊನೆಗೆ, ಬೇಸಿಗೆ ಮುಗಿಯುವುದರೊಳಗೆ ಬಣ್ಣ ಕೊಡದಿದ್ದರೆ ಬೂದು ಬಣ್ಣದಲ್ಲೇ ಮಾಡಿಸುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದ.

ಅದೇ ಹೊತ್ತಿಗೆ ನನ್ನ ಅಕ್ಕನ ಮದುವೆ ಬಂತು. ಊರಿಗೆ ಹೊರಟಾಗ ಆಪಾ ಬಿಲ್ಲೆಯೊಂದನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟರು. "ನೀನಾದ್ರೆ ಬಣ್ಣ ತಿಳ್ದೋಳು. ಅವ್ನು ಸುಮ್ನೆ ತಲೆ ಆಡಿಸಿದ್ರೆ ಬಿಡಬ್ಯಾಡ. ಯಾಕಲ್ಲ ಅಂತ ಕೇಳು."

ಮದುವೆಯ ಗದ್ದಲ ಮುಗಿದ ಮೇಲೆ ಬೆಳಗಿನ ರೈಲಿಗೆ ದಾವಣಗೆರೆಗೆ ಹೋದೆ. ಭಟ್ಟಿಗಳ ಕೇರಿ ದೂರದಿಂದಲೇ ಹೊಗೆಯಿಂದ ಗೊತ್ತಾಯಿತು. ದಸ್ತಗೀರ್ ಅಣ್ಣ ಒಲೆಯ ಮುಂದಿರಲಿಲ್ಲ. ಒಲೆಯನ್ನು ಅಳಿಯನಿಗೆ ಬಿಟ್ಟು, ಹೊರಗಿನ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದರು. ತೆಳ್ಳನೆಯ ಆಳು, ನಗು ಮಾತ್ರ ದೊಡ್ಡದು. ಬಿಲ್ಲೆ ಕೊಟ್ಟೆ. ನಾನು ಅದನ್ನು ಬಿಸಿಲಿಗೆ ಹಿಡಿದು ತೋರಿಸಲು ಹೋದರೆ ಗಹಗಹಿಸಿ ನಕ್ಕುಬಿಟ್ಟರು, ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

"ಅಕಿನೂ ಹಿಂಗೇ ಬಿಸಿಲಾಗೆ ಹಿಡೀತಾಳಾ?"

"ಹೂಂ ಅಣ್ಣ. ಬಿಸಿಲು ಬಂದ್ರೆ ಮೀಟಿಂಗ್ ಬಿಟ್ಟು ಓಡ್ತಾರೆ."

"ಅಲ್ಲವ್ವಾ, ನಾವು ಬಿಸಿಲಾಗೆ ಯಾವಾಗ ಆಡಿದ್ವಿ? ಒಳಗಿನ ಕೋಣೆ, ಕಿಟಕಿ ಇಲ್ಲ, ಒಂದು ಜೀರೋ ಬಲ್ಬು. ಟಿವಿ ಬೆಳಕಿನಾಗೆ ಕಂಡಿದ್ದಷ್ಟೇ ಬಣ್ಣ. ಬಾ."

ಹೊಸದಾಗಿ ಕಟ್ಟಿದ ಮನೆಯಲ್ಲೂ ಅಂಥದ್ದೇ ಒಂದು ಕತ್ತಲೆಯ ಉಗ್ರಾಣವಿತ್ತು. ಅಕ್ಕಿ ಚೀಲಗಳ ನಡುವೆ ನಿಂತು, ನನ್ನ ಫೋನಿನ ಸ್ಕ್ರೀನಿನ ಬೆಳಕಿನಲ್ಲಿ ಬಿಲ್ಲೆ ನೋಡಿದೆವು. ಹೊರಗೆ ನಿಂಬೆಯ ಸಿಪ್ಪೆಯಂತಿದ್ದದ್ದು ಅಲ್ಲಿ ತಣ್ಣಗೆ, ದಂತದ ಬಣ್ಣಕ್ಕೆ ತಿರುಗಿತ್ತು. ದಸ್ತಗೀರ್ ಅಣ್ಣ ಅದರ ಮೇಲೆ ಹೆಬ್ಬೆರಳು ಆಡಿಸುತ್ತ ಇದ್ದರು.

"ಇದೂ ಅಲ್ವಾ ಅಣ್ಣ?" ಎಂದೆ.

"ಇದು ಹೌದು. ಮೊದ್ಲನೇ ಸಲ ಕಳಿಸಿದ್ದೂ ಹೌದು. ಆ ಹುಬ್ಬಳ್ಳಿ ಹುಡುಗ ತಂದಿದ್ನಲ್ಲ, ಅವತ್ತೇ ನೋಡಿ ನಂಗೆ ಕಣ್ಣಾಗೆ ನೀರು ಬಂದಿತ್ತು."

"ಮತ್ತೆ ಇದಲ್ಲ ಇದಲ್ಲ ಅಂತ ಯಾಕೆ ಹೇಳಿದ್ರಿ?"

"ಹೂಂ ಅಂದಿದ್ರೆ ಈ ಬಾಗ್ಲಿಗೆ ನೀವೆಲ್ಲ ಬರ್ತಿದ್ರೇನವ್ವಾ? ಒಬ್ಬೊಬ್ರು ಬಂದಾಗೂ ಖೈರೂ ಹಿಂಗೈದಾಳೆ, ಹಿಂಗ್ ಬೈತಾಳೆ ಅಂತ ಹೇಳ್ತಿದ್ರು. ಸಂಜೆ ಅಕಿ ಫೋನ್ ಮಾಡಿ ಜಗಳ ತೆಗೀತಿದ್ಲು. ನಂಗೆ ಅಷ್ಟು ಸಾಕಾಗಿತ್ತು."

ನಾನೂ ನಕ್ಕೆ. ಮಂಡಕ್ಕಿ ಚೀಲ ಕಟ್ಟಿಸಿ ಕೊಡುವಾಗ ಅವರು ಮತ್ತೆ ಬಾಗಿಲಿನವರೆಗೆ ಬಂದು, ಚೌಕಟ್ಟು ಹಿಡಿದು ನಿಂತು ಉಸಿರು ತೆಗೆದುಕೊಂಡರು. "ಈ ಸಲ ಹೂಂ ಅಂದ ಅಂತ ಹೇಳವ್ವಾ. ಸಾಕು. ಪಾಪ, ಎಷ್ಟು ದಿನ ಅಂತ ಕಾಯ್ತಾಳೆ."

ಆಪಾಗೆ ಈ ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಅವರ ಮುಖ ಅರಳುವುದನ್ನು ನೋಡಬೇಕಿತ್ತು. ಡಬ್ಲಿನ್‌ಗೆ ಬಂದ ಮರುದಿನವೇ ಲುವಾಸ್ ಟ್ರಾಮ್ ಇಳಿದು ಸೀದಾ ಅವರ ಮೇಜಿಗೆ ಹೋಗಿ, ಮಂಡಕ್ಕಿ ಚೀಲ ಇಟ್ಟು, "ಆಪಾ, ಅಣ್ಣ ಹೂಂ ಅಂದ್ರು!" ಎಂದೆ.

ಆಪಾ ಮುಖ ಅರಳಲಿಲ್ಲ.

"ಹೂಂ ಅಂದ್ನಾ? ಏನೂ ತಕರಾರು ತೆಗೀಲಿಲ್ವಾ?"

"ಇಲ್ಲ. ಮೊದಲನೇದೇ ಸರಿ ಇತ್ತಂತೆ ಆಪಾ! ನೀವು ಜನ ಕಳಿಸ್ಲಿ ಅಂತ ಬೇಕಂತಲೇ..."

"ಅದು ನಂಗೆ ಗೊತ್ತೈತೆ ಕಣೇ. ಮೊದ್ಲನೇದು ಸರಿ ಇತ್ತು ಅಂತ ನಂಗೂ ಗೊತ್ತಿತ್ತು. ಅವ್ನು ಬ್ಯಾಡ ಅಂತಿದ್ದ, ನಾನು ಕಳಿಸ್ತಿದ್ದೆ. ಅದೇ ನಮ್ಮಿಬ್ರ ಆಟ. ಅವ್ನು ಆಟ ಬಿಡೋನಲ್ಲ." ಅವರು ಮಂಡಕ್ಕಿ ಚೀಲವನ್ನು ಪಕ್ಕಕ್ಕೆ ಸರಿಸಿದರು. "ಅವ್ನು ಹೆಂಗಿದ್ದ ಹೇಳು. ಒಲೆ ಮುಂದೆ ಕೂತಿದ್ನಾ?"

ಕೂತಿರಲಿಲ್ಲ. ಕಟ್ಟೆಯ ಮೇಲೆ ಒರಗಿದ್ದದ್ದು, ಕೆಮ್ಮು, ಚೌಕಟ್ಟು ಹಿಡಿದು ನಿಂತದ್ದು, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ, ಅಣ್ಣ ಆಟ ಬಿಟ್ಟದ್ದು ಯಾಕೆಂದು ನನಗೂ ಅರ್ಥವಾಗತೊಡಗಿತು. ಆಪಾ ಅಲ್ಲಿಂದಲೇ ಟಿಕೆಟ್ ಬುಕ್ ಮಾಡಿದರು.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ವಿಮಾನ ನಿಲ್ದಾಣದಲ್ಲಿ. ಸ್ಯಾಂಟ್ರಿಯಿಂದ ಅದೇನೂ ದೂರವಲ್ಲ, ಆದರೂ ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಒಂದೇ ಮಾತು. "ಅಣ್ಣನ ಹತ್ರ ಯಾಕೆ ಕೇಳ್ಲಿಲ್ಲ ನಾನು? ಬಣ್ಣದ ವಿಷ್ಯ ಬಿಟ್ಟು ಬೇರೆ ಏನೂ ಕೇಳ್ಲಿಲ್ಲ." ಕಾರ್ಕ್‌ನಿಂದ ಬಸ್ಸು ಹಿಡಿದು ಬಂದಿದ್ದ ಸಾನಿಯಾ ಅಮ್ಮನನ್ನು ತಬ್ಬಿಕೊಂಡು, "ಮಮ್, ಹೀ'ಲ್ ಬಿ ಗ್ರ್ಯಾಂಡ್" ಎನ್ನುತ್ತಲೇ ಇದ್ದಳು. ಒಳಗೆ ಹೋಗುವ ಮೊದಲು ಆಪಾ ನನ್ನ ತಲೆ ಸವರಿದರು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಡೆಕ್ಲನ್ ಬಣ್ಣದ ಒಪ್ಪಿಗೆ ಬಂದ ಖುಷಿಯಲ್ಲಿ ಫ್ಯಾಕ್ಟರಿಗೆ ಹೇಳಿಬಿಡುವುದರಲ್ಲಿದ್ದ. ಅಷ್ಟರಲ್ಲಿ ನನ್ನ ಫೋನಿಗೆ ದಾವಣಗೆರೆಯಿಂದ ವಾಯ್ಸ್ ಮೆಸೇಜ್ ಬಂತು. ಆಪಾ ದನಿ ಏರಿತ್ತು.

"ಸ್ವಾತಿ, ಡೆಕ್ಲನ್‌ಗೆ ಹೇಳು, ನಿಲ್ಸು ಅಂತ. ಅಣ್ಣ ಒಪ್ಪಿಲ್ಲ. ನಿನ್ ಹತ್ರ ಸುಮ್ನೆ ಅಂದಿದ್ದಂತೆ."

ಹಿಂದಿನಿಂದ ಕ್ಷೀಣವಾದ ಗಂಡು ದನಿ: "ನಾನ್ಯಾವಾಗ ಒಪ್ಪಿಲ್ಲ ಅಂದೆ? ಒಪ್ಪೀನಿ."

"ನೀನು ಸುಮ್ನಿರು. ಕೆಂಪು ಕಮ್ಮಿ ಆಗ್ಬೇಕು ಅಂದ್ಯೋ ಇಲ್ವೋ? ಅನ್ನು ಈಗ."

"ಆಯ್ತು ಬಿಡು ಮಾರಾಯ್ತಿ. ಕೆಂಪು... ಕೆಂಪು ಜಾಸ್ತಿ ಆತು."

"ಕೇಳ್ದೇನೇ ಸ್ವಾತಿ? ಒಪ್ಪಿಲ್ಲ."

ಆಮೇಲೆ ಇಬ್ಬರೂ ಉರ್ದುವಿಗೆ ಜಾರಿ ಜಗಳ ಶುರುಮಾಡಿದರು. ಫೋನ್ ಇನ್ನೂ ಓಡುತ್ತಿರುವುದು ಅವರಿಗೆ ನೆನಪೇ ಇದ್ದಂತಿರಲಿಲ್ಲ. ನನಗೆ ಒಂದಕ್ಷರ ಅರ್ಥವಾಗದಿದ್ದರೂ ಆ ಜಗಳವನ್ನು ಕೊನೆಯವರೆಗೆ ಕೇಳಿದೆ. ನಡುನಡುವೆ ಉಸಿರಿಗೆ ತಡಕಾಡುವ ಸದ್ದು, ಅದು ನಿಲ್ಲುವವರೆಗೆ ಆಪಾ ಮೌನ, ಮತ್ತೆ ಜಗಳ.

ನಾನು ಡೆಕ್ಲನ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆತ ಗಡ್ಡ ತುರಿಸಿಕೊಳ್ಳುತ್ತ ಕಿಟಕಿಯಾಚೆ ನೋಡಿದ. ಕ್ರಿಸ್‌ಮಸ್‌ಗೆ ನಮ್ಮ ಗ್ರಿಪ್ಪು, ಸ್ಟ್ಯಾಂಡು ಎರಡೂ ಬೂದು ಬಣ್ಣದಲ್ಲೇ ಅಂಗಡಿಗೆ ಹೋದವು. ಚೆನ್ನಾಗಿಯೇ ಮಾರಾಟವಾದವು. ವರ್ಷಗಟ್ಟಲೆ ಹಿಡಿದ ಹಟವನ್ನು ಆಪಾ ಒಂದು ಮಾತಿನಲ್ಲಿ ಬಿಟ್ಟುಕೊಟ್ಟದ್ದು ಆಫೀಸಿನ ಉಳಿದವರಿಗೆ ಒಗಟಾಗಿಯೇ ಉಳಿಯಿತು.

ಚಳಿಗಾಲ ಪೂರ್ತಿ ಬಿಲ್ಲೆಗಳು ಹೋದವು. ಈಗ ಬೆರೆಸುವವ‌ಳು ನಾನು, ತೋರಿಸುವವರು ಆಪಾ. ಊರಿಗೆ ಹೋಗುವವರನ್ನು ಹುಡುಕಿ, ಬಿಲ್ಲೆ ಕೊಟ್ಟು, ವಿವರಿಸಲಾಗದೆ ತಡವರಿಸುವ ಸರದಿ ನನ್ನದಾಯಿತು. ಉತ್ತರ ವಾಯ್ಸ್ ಮೆಸೇಜಿನಲ್ಲಿ ಬರುತ್ತಿತ್ತು, ಯಾವಾಗಲೂ ದಸ್ತಗೀರ್ ಅಣ್ಣನ ಬಾಯಿಂದಲೇ. ಮಾತು ಬರಬರುತ್ತ ಚಿಕ್ಕದಾಗುತ್ತ ಹೋಯಿತು. ಕೊನೆಗೆ ಬರೀ "ಊಹೂಂ" ಎಂಬಷ್ಟಕ್ಕೆ ಬಂತು. ಆ ಊಹೂಂ ಕೇಳಿದ ದಿನ ನಾನು ನೆಮ್ಮದಿಯಿಂದ ಊಟ ಮಾಡುತ್ತಿದ್ದೆ.

ರಂಜಾನ್ ಕಳೆದ ಮೇಲೆ ಒಂದು ದಿನ ಆಫೀಸಿನಲ್ಲಿದ್ದಾಗ ಆಪಾ ಮೆಸೇಜ್ ಬಂತು. ದನಿಯಿರಲಿಲ್ಲ, ಬರಹ.

"ಡೆಕ್ಲನ್‌ಗೆ ಹೇಳು, ಬಣ್ಣ ಮಾಡ್ಕೊಳ್ಳಲಿ. ಬೇಡ ಅನ್ನೋನು ಹೋದ."

ಫೋನ್ ಮಾಡಿದೆ. ಇಬ್ಬರೂ ಅತ್ತೆವು. ಬಣ್ಣದ ಸುದ್ದಿ ಎತ್ತಲಿಲ್ಲ. ವಾಪಸ್ ಯಾವಾಗ ಬರ್ತೀರಿ ಎಂದು ಕೇಳಿದ್ದಕ್ಕೆ, ಭಟ್ಟಿಯ ಸದ್ದು ನಿಂತರೆ ನಿದ್ದೆ ಬರುವುದಿಲ್ಲ, ಸ್ವಲ್ಪ ದಿನ ಇರುತ್ತೇನೆ ಎಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಅವರ ಮೇಜನ್ನು ನನಗೆ ಕೊಟ್ಟಿದ್ದಾರೆ.

ಹೋದ ವಾರ ಫ್ಯಾಕ್ಟರಿಯಿಂದ ಮೊದಲ ಗ್ರಿಪ್ ಬಂತು. ಡೆಕ್ಲನ್ ತಾನೇ ಪೆಟ್ಟಿಗೆ ಬಿಚ್ಚಿ ನನ್ನ ಕೈಗಿಟ್ಟ. ಬಟನ್ನುಗಳ ಸುತ್ತ ತೆಳ್ಳನೆಯ ಕಪ್ಪು ಬಳೆ ಕೂಡ ಇತ್ತು. ಪರದೆ ಎಳೆದು, ದೀಪ ಆರಿಸಿ, ಫೋನಿನ ಬೆಳಕಿನಲ್ಲಿ ನೋಡಿದೆ. ದಾವಣಗೆರೆಯ ಉಗ್ರಾಣದಲ್ಲಿ ನಾನು ಕಂಡಿದ್ದೇ ಅದು. ಒಂದು ಎಳೆಯೂ ಹೆಚ್ಚು ಕಮ್ಮಿ ಇರಲಿಲ್ಲ.

"ಗ್ರ್ಯಾಂಡ್?" ಎಂದು ಡೆಕ್ಲನ್ ಕೇಳಿದ. ಒಪ್ಪಿಗೆ ಕೊಡಬೇಕಾದವಳು ಈಗ ನಾನೇ.

ಹೂಂ ಎನ್ನಲು ಬಾಯಿ ಬರಲಿಲ್ಲ. ಇನ್ನೊಂದು ಸಲ ಮಾಡಿಸಿ ತರಿಸು ಎಂದೆ.